ಪುಸ್ತಕದ ಕನ್ನಡವೂ ಜಹೀರಾಬಾದಿನ ಅಜ್ಜಿಯೂ

ವೈದ್ಯಕೀಯ ಕಲಿಯುವವರಿಗೆ ಮನೋರೋಗ ವಿಭಾಗವೆಂದರೆ ಅರ್ಧ ರಜೆ ಎಂಬ ಭಾವನೆ ನಮ್ಮ ಕಾಲದಲ್ಲಿತ್ತು. ನಾಲ್ಕೂವರೆ ವರ್ಷದ ಓದಿನಲ್ಲಿ ಅದಕ್ಕೆ ಸಿಗುತ್ತಿದ್ದುದು ಎರಡೇ ವಾರ. ಅಲ್ಲಿ ರಕ್ತವಿಲ್ಲ, ಹೊಲಿಗೆಯಿಲ್ಲ. ಪರೀಕ್ಷೆಯಲ್ಲಿ ಅಂಕವೂ ಕಡಿಮೆ. ನಾನೂ ಹಾಗೆಯೇ ಎಣಿಸಿಕೊಂಡು 2006ರ ಜನವರಿಯಲ್ಲಿ ಹೈದರಾಬಾದಿನ ಒಂದು ಆಸ್ಪತ್ರೆಯ ಆ ವಿಭಾಗಕ್ಕೆ ಹೋದವನು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

ಮೊದಲ ದಿನವೇ ಗೊತ್ತಾಯಿತು, ಇಲ್ಲಿ ಕೊರಳಿನ ಸ್ಟೆತಸ್ಕೋಪಿಗೆ ಹೆಚ್ಚು ಕೆಲಸವಿಲ್ಲ ಎಂದು. ರೋಗಿಯ ಮಾತೇ ನಾಡಿ, ಮಾತೇ ಎಕ್ಸ್‌ರೇ. ಇವತ್ತು ಯಾವ ವಾರ, ಯಾವ ತಿಂಗಳು, ನೀವಿರುವುದು ಎಲ್ಲಿ ಎಂದು ಕೇಳಬೇಕು. ನೂರರಿಂದ ಏಳೇಳು ಕಳೆಯುತ್ತಾ ಬರಲು ಹೇಳಬೇಕು. ಶಾಲೆ ಕಾಣದವರಾದರೆ ಅಂಗಡಿಯ ಚಿಲ್ಲರೆ ಲೆಕ್ಕ. ಕೊನೆಗೆ ಒಂದು ಗಾದೆ ಹೇಳಿ ಅದರ ಅರ್ಥ ಕೇಳಬೇಕು. ಗಾದೆಯ ಒಳಗಿನ ಅರ್ಥ ಹಿಡಿಯುವ ಶಕ್ತಿ ಮನಸ್ಸಿಗೆ ಉಳಿದಿದೆಯೇ ಎಂದು ನೋಡುವ ಕ್ರಮ ಅದು. ಆದರೆ ಗಾದೆ ಯಾವ ಭಾಷೆಯದ್ದು?

ಆ ವಾರ್ಡಿನಲ್ಲಿ ಜಹೀರಾಬಾದಿನ ಕಡೆಯ ಒಬ್ಬ ಅಜ್ಜಿ ಇದ್ದರು. ಮಗ ಕರೆತಂದಿದ್ದ. ಡಾಕ್ಟರು ತೆಲುಗಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಅಜ್ಜಿಯ ಬದಲು ಅವನೇ, “ಅವಳಿಗೆ ಏನೂ ತಿಳಿಯುವುದಿಲ್ಲ ಸಾರ್” ಎಂದು ಉತ್ತರ ಕೊಟ್ಟುಬಿಡುತ್ತಿದ್ದ. ಪಾಪ, ಅವನಿಗೆ ಸಂಕೋಚ. ರೋಗಪತ್ರದಲ್ಲಿ “ಮಾತಿಲ್ಲ, ವಾರ ತಿಂಗಳ ಪರಿವೆಯಿಲ್ಲ, ಮರೆವಿನ ರೋಗವಿರಬಹುದು” ಎಂದು ಬರೆದಾಗಿತ್ತು. ಮರೆವಿನ ರೋಗವೆಂದು ಬರೆದರೆ ಮುಂದೆ ಹೆಚ್ಚೇನೂ ಮಾಡಲಿಕ್ಕಿಲ್ಲ ಎಂದೇ ಅರ್ಥ.

ಮಗ ತಾಯಿಗೆ ನೀರು ಕೊಡುತ್ತಾ “ಕುಡಿಯವ್ವ” ಎಂದದ್ದು ನನ್ನ ಕಿವಿಗೆ ಬಿತ್ತು. ಹೈದರಾಬಾದಿನಲ್ಲಿ ಕನ್ನಡ! ಬೆರಗಾಗಬೇಕಾದ್ದಿರಲಿಲ್ಲ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಹೋದವು. ಈಗ ಅವು ತೆಲಂಗಾಣ. ಹೊರಗೆ ತೆಲುಗು, ಉರ್ದು. ಒಳಗೆ ಎಷ್ಟೋ ಮನೆಗಳಲ್ಲಿ ಕನ್ನಡ. ನಮ್ಮ ಹಾಗೆಯೇ.

ಬೆಂಚಿನ ತುದಿಯಲ್ಲಿ ಕುಳಿತು, “ಅಜ್ಜಿ, ಇದು ಯಾವ ತಿಂಗಳು?” ಎಂದೆ. ಅವರು ತಲೆಯೆತ್ತಿ, “ಎಳ್ಳಮಾಸಿ ಆಗಿ ಎಂಟು ದಿನ ಆಯ್ತಲ್ಲ” ಎಂದರು. ನನಗೆ ಎಳ್ಳಮಾಸಿ ಎಂದರೇನೆಂದೇ ಗೊತ್ತಿಲ್ಲ! ಬೀದರಿನ ಒಬ್ಬ ವಾರ್ಡ್ ಬಾಯ್ ಬಿಡಿಸಿ ಹೇಳಿದ ಮೇಲೆ ಕ್ಯಾಲೆಂಡರ್ ನೋಡಿದೆ. ಮಾರ್ಗಶಿರದ ಅಮಾವಾಸ್ಯೆ, ಆ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ತಾವು ಉಣ್ಣುವ ಹಬ್ಬ. ಎಂಟೂ ಎಂಟೇ ದಿನ ಆಗಿತ್ತು. ಪರಿವೆ ಇಲ್ಲದ್ದು ಅಜ್ಜಿಗಲ್ಲ.

ಗಾದೆಯನ್ನೂ ಕೇಳಿದೆ: ಕೈ ಕೆಸರಾದರೆ ಬಾಯಿ ಮೊಸರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದುಡಿದವರಿಗಿ ಮೊಸರು ಅಂತಾರ. ನನಗ ಕೆಸರೇ ಬಂತು” ಎಂದರು. ಇದು ಮರೆವಿನ ರೋಗದ ಉತ್ತರವಲ್ಲವೆಂದು ತಿಳಿಯಲು ದೊಡ್ಡ ಓದು ಬೇಕಾಗಿರಲಿಲ್ಲ.

ಪ್ರೊಫೆಸರರಿಗೆ ಹೇಳಿದೆ. ಅವರು ತೆಲುಗಿನವರು, ಕನ್ನಡ ಬಾರದು. “ಆಕೆ ಹತ್ತು ಮಾತಾಡಿದರೆ ನೀನೂ ಹತ್ತನ್ನೇ ಹೇಳು, ಎರಡಕ್ಕೆ ಇಳಿಸಬೇಡ” ಎಂದು ಪಕ್ಕದಲ್ಲಿ ಕುಳಿತರು. ಮುಂಗಾರಿನಲ್ಲಿ ಗಂಡ ತೀರಿಹೋದದ್ದು, ನಿದ್ದೆ ಬಿಟ್ಟದ್ದು, ಈ ಸಲ ಹೊಲಕ್ಕೆ ಹೋಗಲು ಮನಸ್ಸಾಗದ್ದು ಎಲ್ಲ ಹೊರಬಂತು. ನಡುವೆ ಅಜ್ಜಿ “ಜೀವಕ್ಕ ಬ್ಯಾಸರಾಗ್ಯಾದ” ಎಂದರು. ನಮ್ಮ ಊರಿನ ‘ಬೇಜಾರು’ ಎಂದುಕೊಂಡು ನಾನು ಹಾಗೆಯೇ ದಾಟಿಸಿದೆ. ಪ್ರೊಫೆಸರರು ತಡೆದರು. ಬೇಜಾರೋ, ಬದುಕೇ ಬೇಡವೋ, ಕೇಳು ಎಂದರು. ನಾನು ಹಿಂಜರಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗದೇ? ಇಲ್ಲ, ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ ಎಂದರು ಅವರು. ಕೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು. ಹೌದು ಎಂದರು.

ಅಂದಿನಿಂದ ರೋಗಪತ್ರದ ಬರಹ ಬದಲಾಯಿತು: ತೀವ್ರ ಖಿನ್ನತೆ, ಒಂಟಿಯಾಗಿ ಬಿಡಬಾರದು. ವಯಸ್ಸಾದವರ ಖಿನ್ನತೆ ಮರೆವಿನ ವೇಷ ಹಾಕಿಕೊಂಡು ಬರುವುದುಂಟು. ಅದಕ್ಕೆ ಔಷಧಿ ಇದೆ. ಗುಣ ಕಾಣಲು ಮಾತ್ರ ಎರಡರಿಂದ ನಾಲ್ಕು ವಾರ ಕಾಯಬೇಕು.

2018ರ ಮೇಯಲ್ಲಿ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿಯೇ ಒಪ್ಪಿಗೆ ಪಡೆಯಬೇಕೆನ್ನುತ್ತದೆ. 2019ರ ವೈದ್ಯಕೀಯ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೂ ಜಾಗ ಸಿಕ್ಕಿದೆ. ಒಳ್ಳೆಯದೇ. ಆದರೆ ಹೈದರಾಬಾದಿನಲ್ಲಿ ಸ್ಥಳೀಯವೆಂದರೆ ತೆಲುಗು, ಕೋಝಿಕ್ಕೋಡಿನಲ್ಲಿ ಮಲಯಾಳ. ನಾರಾಯಣಖೇಡದ ಅಜ್ಜಿಯೂ ನಮ್ಮ ಎಣ್ಮಕಜೆಯ ಅಜ್ಜಿಯೂ ಎರಡರ ನಡುವೆ ಬೀಳುವವರೇ. ನಮಗೆ ಮಂಗಳೂರು ಹತ್ತಿರವಾದ್ದರಿಂದ ಬಚಾವ್. ಕುದಿರವಟ್ಟಂ ಆಸ್ಪತ್ರೆಗೆ ಹೋಗಬೇಕಾಗಿ ಬಂದವರು, ಮನೆಮಾತು ಕನ್ನಡ ಎಂದು ಮೊದಲೇ ಹೇಳಿ ಬರೆಸಿಕೊಳ್ಳಿ. ರೋಗಿಯ ಬದಲು ನೀವು ಉತ್ತರ ಹೇಳಬೇಡಿ. 2022ರ ಅಕ್ಟೋಬರದಲ್ಲಿ ಶುರುವಾದ ಟೆಲಿಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡವನ್ನು ಆರಿಸಿಕೊಳ್ಳಬಹುದು, ಹಣ ಕೊಡಬೇಕಾಗಿಲ್ಲ.

ನನ್ನ ಎರಡು ವಾರ ಮುಗಿದು ಬೇರೆ ವಿಭಾಗಕ್ಕೆ ಹೋಗಿಯಾಗಿತ್ತು. ಫೆಬ್ರವರಿಯ ಕೊನೆಗೆ ಹೊರರೋಗಿ ವಿಭಾಗದ ಬೆಂಚಿನಿಂದ, “ಏ ತಮ್ಮಾ, ಪುಸ್ತಕದಂಗ ಮಾತಾಡಾಂವ” ಎಂದು ಕರೆದರು ಯಾರೋ. ಅಜ್ಜಿ! ಎಣ್ಣೆ ಹಚ್ಚಿ ತಲೆ ಬಾಚಿದ್ದರು. ನಮ್ಮೂರಿನಲ್ಲಿ ಎಳ್ಳಮಾಸಿ ಇಲ್ಲವೆಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಮತ್ತೆ ಭೂಮಿತಾಯಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಕೆಡ್ಡಸದ ಸಂಗತಿ ಹೇಳತೊಡಗಿದೆ. ಮಗ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದ. ಅಜ್ಜಿ ಪೂರ್ತಿ ಕೇಳಿಯೇ ಎದ್ದರು.