ಡೈಪರ್: ಜಾಹೀರಾತು ನೋಡಿ ಅಲ್ಲ, ಲೆಕ್ಕ ಹಾಕಿ ಕೊಳ್ಳಿ

ಮನೆಗೆ ಮಗು ಬಂದರೆ ಅಲ್ಲಾಹನ ಅನುಗ್ರಹ ಬಂದಂತೆಯೇ. ಅದರ ಹಿಂದೆಯೇ ಖರ್ಚೂ ಬರುತ್ತದೆ. ಕಾಡುಗೋಡಿ, ಬೆಳತೂರು, ಚನ್ನಸಂದ್ರ, ಸಾದರಮಂಗಲದ ಬಾಡಿಗೆ ಮನೆಗಳಲ್ಲಿ ಬಾಣಂತನ ಮುಗಿಸಿದ ಸಹೋದರಿಯರನ್ನು ಮಾತಾಡಿಸಿ ನೋಡಿ. ಎದೆಹಾಲು ಸಾಲುತ್ತದೆಯೇ, ಲಸಿಕೆ ಎಂದು ಎಂಬ ಮಾತು ಮುಗಿದ ಕೂಡಲೇ ಬರುವುದು ಡೈಪರಿನ ಮಾತು. ಅಂಗಡಿಯಲ್ಲಿ ಎಷ್ಟೊಂದು ಬಗೆ! ಯಾವುದು ಒಳ್ಳೆಯದು, ಯಾವುದು ಅಗ್ಗ? ಅತ್ತೆ ಲಂಗೋಟಿಯೇ ಸಾಕು ಎನ್ನುತ್ತಾರೆ, ಪಕ್ಕದ ಅಪಾರ್ಟ್‌ಮೆಂಟಿನವರು ದಿನವಿಡೀ ಡೈಪರ್ ಹಾಕುತ್ತಾರೆ. ನಡುವೆ ಸಿಕ್ಕಿಕೊಂಡವಳು ತಾಯಿ.

ಮೊದಲು ಲೆಕ್ಕ ಹಾಕೋಣ. ಎಳೆಯ ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚೇ ಮೂತ್ರ ಮಾಡಬೇಕು. ಹಾಗೆ ಮಾಡಿದರೇ ಹಾಲು ಸಾಲುತ್ತಿದೆ ಎಂದು ತಿಳಿಯುವುದು. ಹಗಲಿರುಳೂ ಡೈಪರನ್ನೇ ಹಾಕುವವರಿಗೆ ದಿನಕ್ಕೆ ಆರಾದರೂ ಬೇಕು, ಮೊದಲ ತಿಂಗಳಲ್ಲಿ ಎಂಟು ಹತ್ತೂ ಬೇಕಾಗಬಹುದು. ಒಂದಕ್ಕೆ 10 ರೂಪಾಯಿ ಎಂದು ಹಿಡಿದರೂ ದಿನಕ್ಕೆ 60, ತಿಂಗಳಿಗೆ 1800 ರೂಪಾಯಿ. ಕ್ಯಾಬ್ ಓಡಿಸಿಯೋ ಕಾರ್ಖಾನೆಯಲ್ಲಿ ದುಡಿದೋ ತಿಂಗಳಿಗೆ 18 ಸಾವಿರ ತರುವ ಮನೆಯಲ್ಲಿ ಇದು ಸಂಬಳದ ಹತ್ತನೇ ಒಂದು ಪಾಲು. ಅದೇ ಮನೆಯವರು ರಾತ್ರಿಗೊಂದು, ಹೊರಗೆ ಹೋಗುವಾಗ ಒಂದು ಎಂದು ಎರಡೇ ಬಳಸಿದರೆ 600 ರೂಪಾಯಿಗೆ ಮುಗಿಯುತ್ತದೆ. ಯಾವ ಕಂಪೆನಿಯದು ಅಗ್ಗ ಎಂದು ಹುಡುಕುವುದಕ್ಕಿಂತ, ದಿನಕ್ಕೆ ಎಷ್ಟು ಬೇಕೇಬೇಕು ಎಂದು ನಿರ್ಧರಿಸುವುದರಲ್ಲೇ ಹೆಚ್ಚಿನ ಉಳಿತಾಯವಿದೆ.

ಹಾಗಾದರೆ ಪೂರ್ತಿ ಬಟ್ಟೆಗೇ ಮರಳಬಾರದೇ ಎಂದು ನೀವು ಕೇಳಬಹುದು. ಹಳೆಯ ಹತ್ತಿ ಸೀರೆ ಅಥವಾ ಲುಂಗಿಯ ತುಂಡಿನಷ್ಟು ಮಗುವಿನ ಚರ್ಮಕ್ಕೆ ಹಿತವಾದದ್ದು ಬೇರೆ ಇಲ್ಲ ಎಂಬುದು ನಿಜ. ಆದರೆ ನಮ್ಮ ಕಡೆ ಬಟ್ಟೆಯೂ ಪುಕ್ಕಟೆಯಲ್ಲ, ಏಕೆಂದರೆ ನೀರು ಪುಕ್ಕಟೆಯಲ್ಲ. 2024ರ ಮಾರ್ಚ್ ತಿಂಗಳನ್ನು ಈ ಭಾಗದವರು ಮರೆಯಲಾರರು. ಕೊಳವೆಬಾವಿಗಳು ಬತ್ತಿದವು, ಮಹದೇವಪುರ, ವೈಟ್‌ಫೀಲ್ಡ್ ಭಾಗದಲ್ಲಿ ಟ್ಯಾಂಕರ್ ನೀರಿಗೆ ಜನ ಪರದಾಡಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆದರೂ ಎಷ್ಟೋ ಬಾಡಿಗೆ ಮನೆಗಳಲ್ಲಿ ನೀರನ್ನು ಲೆಕ್ಕವಿಟ್ಟೇ ಬಳಸಬೇಕು. ನಜಸ್ ಆದ ಬಟ್ಟೆಯನ್ನು ಒಂದು ಮುಳುಗು ಮುಳುಗಿಸಿ ಒಣಹಾಕಿದರೆ ನಡೆಯುವುದಿಲ್ಲ. ದಿನಕ್ಕೆ ಹನ್ನೆರಡು ಲಂಗೋಟಿ ಒಗೆಯಲು ಹಲವು ಬಕೆಟ್ ನೀರು ಬೇಕು, ಮಳೆಗಾಲದಲ್ಲಿ ಒಣಗಿಸಲು ಜಾಗವೂ ಬೇಕು. ಹೊಲಿಗೆ ಹಾಕಿದ ತಾಯಿಯ ಸೊಂಟವನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಅದನ್ನು ಮಾತ್ರ ಯಾರೂ ಸೇರಿಸುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಹಗಲು ಮನೆಯಲ್ಲಿರುವಾಗ ಲಂಗೋಟಿ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್. ನೀರಿಲ್ಲದ ವಾರ, ಮಳೆ ಹಿಡಿದ ವಾರ, ತಾಯಿಗೆ ಜ್ವರ ಬಂದ ವಾರ ಡೈಪರ್ ಹೆಚ್ಚು ಬಳಸಿದರೆ ಅದು ಇಸ್ರಾಫ್ ಅಲ್ಲ. ಅಗತ್ಯಕ್ಕೆ ಮಾಡಿದ ಖರ್ಚು ದುಂದುವೆಚ್ಚವಾಗುವುದಿಲ್ಲ. ನೆಂಟರು ನೋಡಲೆಂದು ದುಬಾರಿ ಪೊಟ್ಟಣ ಕೊಂಡರೆ ಅದು ಇಸ್ರಾಫ್.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಲ್ಲಿ ದಿನಸಿಗೆ ಕೊಟ್ಟ ಹಣದಲ್ಲಿಯೇ ತಾಯಿ ಡೈಪರಿಗೂ ಹೊಂದಿಸಬೇಕು. ಆಕೆ ತನ್ನ ಪಾಲಿನ ಹಾಲು, ಮೊಟ್ಟೆ ಬಿಟ್ಟು ಪೊಟ್ಟಣ ತರುತ್ತಾಳೆ. ಎರಡು ವರ್ಷ ಹಾಲುಣಿಸುವ ವಿಷಯ ಹೇಳುವ ಸೂರಃ ಅಲ್ ಬಕರಃದ 233ನೇ ಆಯತ್, ಆ ತಾಯಂದಿರ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ, ಅದೂ ಅವನ ಶಕ್ತಿಗೆ ತಕ್ಕಂತೆ. ಹಾಲುಣಿಸುವವಳ ತಟ್ಟೆಯಿಂದ ಕಡಿತ ಮಾಡಿ ಮಗುವಿನ ಖರ್ಚು ತೂಗಿಸುವುದು ಆ ಆಯತ್‌ನ ಆಶಯಕ್ಕೆ ವಿರುದ್ಧ. ಈ ಪುಟವನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ. ಡೈಪರಿಗೆಂದು ತಿಂಗಳ ಮೊದಲ ದಿನವೇ ಪ್ರತ್ಯೇಕ ಹಣ ತೆಗೆದಿಡುವುದು ಅವರ ಕೆಲಸ.

ಅಂಗಡಿಯಲ್ಲಿ ಏನು ನೋಡಬೇಕು?

ಪೊಟ್ಟಣದ ಬೆಲೆ ನೋಡಬೇಡಿ, ಒಂದರ ಬೆಲೆ ನೋಡಿ. ಗರಿಷ್ಠ ಮಾರಾಟ ಬೆಲೆಯ ಹತ್ತಿರವೇ ಈಗ ಒಂದು ಪೀಸಿನ ಬೆಲೆಯನ್ನೂ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಕಾಣದಿದ್ದರೆ ಬೆಲೆಯನ್ನು ಪೀಸುಗಳ ಸಂಖ್ಯೆಯಿಂದ ಭಾಗಿಸಿ. ಐದು ಪೀಸಿನ ಪೊಟ್ಟಣ 60 ರೂಪಾಯಿಯಾದರೆ ಒಂದಕ್ಕೆ 12. ನಲವತ್ತರ ಪೊಟ್ಟಣ 360 ಆದರೆ ಒಂದಕ್ಕೆ 9. ಬಡವರೇ ಹೆಚ್ಚಾಗಿ ಚಿಕ್ಕ ಪೊಟ್ಟಣ ಕೊಳ್ಳುವುದು, ಹಾಗಾಗಿ ಹೆಚ್ಚು ಬೆಲೆ ತೆರುವವರೂ ಅವರೇ. ಒಂದೇ ಕಟ್ಟಡದಲ್ಲಿ ಎರಡು ಮೂರು ಎಳೆಯ ಮಕ್ಕಳಿದ್ದರೆ ತಾಯಂದಿರು ಸೇರಿ ದೊಡ್ಡ ಪೊಟ್ಟಣ ತಂದು ಹಂಚಿಕೊಳ್ಳಬಹುದು. ಹೊಸ ಕಂಪೆನಿಯದನ್ನು ಮೊದಲ ಸಲ ಪರೀಕ್ಷಿಸಲು ಮಾತ್ರ ಚಿಕ್ಕ ಪೊಟ್ಟಣ.

2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತಯಾರಾದ ತಿಂಗಳನ್ನೂ ಬೆಲೆಯನ್ನೂ ಒಟ್ಟಿಗೆ ಓದಿ.

ಅಳತೆಯಲ್ಲಿ ಮಗುವಿನ ವಯಸ್ಸಲ್ಲ, ತೂಕ ಮುಖ್ಯ. ಪೊಟ್ಟಣದ ಮೇಲೆ ಕಿಲೋ ಬರೆದಿರುತ್ತದೆ, ಒಂದು ಅಳತೆಯ ಕೊನೆ ಮುಂದಿನ ಅಳತೆಯ ಆರಂಭದ ಮೇಲೆ ಬರುತ್ತದೆ. ಅಳತೆ ದೊಡ್ಡದಾದಂತೆ ಒಂದರ ಬೆಲೆಯೂ ಏರುತ್ತದೆ. ಆದ್ದರಿಂದ ಬೆಳೆಯುತ್ತದೆ ಎಂದು ಬಟ್ಟೆ ಕೊಂಡ ಹಾಗೆ ದೊಡ್ಡದನ್ನು ಮೊದಲೇ ಕೊಳ್ಳಬೇಡಿ, ಸಡಿಲವಾದರೆ ತೊಡೆಯ ಬಳಿ ಸೋರುತ್ತದೆ. ಆದರೆ ತೊಡೆಯಲ್ಲಿ, ಸೊಂಟದಲ್ಲಿ ಕೆಂಪು ಗೆರೆ ಬೀಳತೊಡಗಿದರೆ ಅಳತೆ ಬದಲಿಸಲೇಬೇಕು. ಹುಟ್ಟಿದ ಮಗುವಿನ ಅಳತೆಯದನ್ನು ರಾಶಿ ಹಾಕಿಕೊಳ್ಳಬೇಡಿ, ಕೆಲವೇ ವಾರಗಳಲ್ಲಿ ಅದು ಚಿಕ್ಕದಾಗುತ್ತದೆ. ಅಕೀಕಾಕ್ಕೆ ಬರುವವರು ಏನು ತರಲಿ ಎಂದು ಕೇಳಿದರೆ ನಾಚಿಕೊಳ್ಳದೆ ಮುಂದಿನ ಅಳತೆಯ ಡೈಪರ್ ಎಂದೇ ಹೇಳಿ. ಒಂದೇ ಬಗೆಯ ನಾಲ್ಕು ಫ್ರಾಕಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಹೆಸರು ವಿಳಾಸವಿಲ್ಲದೆ ಬಿಡಿಯಾಗಿ, ಕಿಲೋ ಲೆಕ್ಕದಲ್ಲಿ ಮಾರುವ ಡೈಪರುಗಳೂ ಇವೆ. ಅಗ್ಗವೇನೋ ಹೌದು. ಯಾರು ತಯಾರಿಸಿದರು, ಯಾವಾಗ ತಯಾರಾಯಿತು, ಎಲ್ಲಿ ಬಿದ್ದಿತ್ತು ಎಂದು ಹೇಳುವವರಿಲ್ಲ. ಒಂದು ಸಲ ಬಳಸಿ ಎಸೆಯುವ ಮಕ್ಕಳ ಡೈಪರಿಗೆ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಐಎಸ್ 17509 ಎಂಬ ಮಾನದಂಡ ಪ್ರಕಟಿಸಿದೆ. ತಯಾರಕರ ಹೆಸರು, ದಿನಾಂಕ, ದೂರು ಹೇಳುವ ಫೋನ್ ಸಂಖ್ಯೆ ಇಲ್ಲದ್ದನ್ನು ಮಗುವಿನ ಮೈಗೆ ಹಾಕಬೇಡಿ. ಹಾಗೆಂದು ಹೆಸರಾಂತ ಕಂಪೆನಿಯ ಅತಿ ದುಬಾರಿಯದೇ ಬೇಕೆಂದಿಲ್ಲ. ಹೀರುವ ಕೆಲಸ ಮಾಡುವುದು ಎಲ್ಲದರಲ್ಲೂ ಒಂದೇ ಬಗೆಯ ವಸ್ತು: ಮರದ ತಿರುಳಿನ ನಾರು ಮತ್ತು ನೀರು ತಾಗಿದರೆ ಲೋಳೆಯಂತಾಗುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು. ಸುವಾಸನೆ, ಬಣ್ಣದ ಚಿತ್ರ, ಅಲೋವೆರಾ ಎಂಬ ಹೆಸರಿಗೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಒದ್ದೆಯಾದಾಗ ಬಣ್ಣ ಬದಲಾಗುವ ಗೆರೆ ಮಾತ್ರ ಹೊಸ ತಾಯಂದಿರಿಗೆ ಉಪಕಾರಿ.

ಟಿ.ವಿ. ಜಾಹೀರಾತಿನಲ್ಲಿ ನೀಲಿ ನೀರು ಸುರಿದು ತೋರಿಸುತ್ತಾರಲ್ಲ, ಅದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಆದರೆ ಮೂತ್ರದಲ್ಲಿ ಉಪ್ಪಿನಂಶ ಇರುವುದರಿಂದ ಡೈಪರ್ ಬರಿಯ ನೀರನ್ನು ಹೀರಿದಷ್ಟು ಮೂತ್ರವನ್ನು ಹೀರಲಾರದು. ಅರ್ಧ ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ. ಅದರಲ್ಲಿ ಅರ್ಧ ಲೋಟದಷ್ಟನ್ನು ಡೈಪರಿನ ನಡುವೆ ನಿಧಾನ ಸುರಿದು ಐದು ನಿಮಿಷ ಬಿಡಿ. ಮೇಲೆ ಒಣ ಕಾಗದ ಇಟ್ಟು ಅಂಗೈಯಿಂದ ಒತ್ತಿ. ಕಾಗದ ತೊಯ್ದರೆ ಮಗುವಿನ ಚರ್ಮವೂ ತೊಯ್ಯುತ್ತದೆ. ಎರಡು ಮೂರು ಕಂಪೆನಿಯದನ್ನು ಹೀಗೆ ಪಕ್ಕಪಕ್ಕದಲ್ಲಿ ನೋಡಿದರೆ ಬೆಲೆಗೂ ಗುಣಕ್ಕೂ ಎಷ್ಟು ಸಂಬಂಧ ಎಂದು ನಿಮಗೇ ಗೊತ್ತಾಗುತ್ತದೆ.

ಪೊಟ್ಟಣದ ಮೇಲೆ 12 ಗಂಟೆ ಎಂದು ಬರೆದಿರುವುದು ಹೀರುವ ಶಕ್ತಿಗೆ. ಹನ್ನೆರಡು ಗಂಟೆ ಬಿಚ್ಚದೇ ಇಡಿ ಎಂದು ಅದರ ಅರ್ಥವಲ್ಲ. ಉಳಿತಾಯದ ಹೆಸರಿನಲ್ಲಿ ಮಾಡುವ ಅತಿ ದೊಡ್ಡ ತಪ್ಪು ಇದು. ಹಗಲು ಎರಡು ಮೂರು ಗಂಟೆಗೊಮ್ಮೆ ನೋಡಬೇಕು, ಮಲ ಮಾಡಿದರೆ ಆ ಕ್ಷಣವೇ ಬದಲಿಸಬೇಕು. ಮಲವೂ ಮೂತ್ರವೂ ಬೆರೆತು ನಿಂತರೆ ಚರ್ಮ ಸುಟ್ಟಂತೆ ಕೆಂಪಗಾಗುತ್ತದೆ. ಒಂದು ಡೈಪರಿನ ಹತ್ತು ರೂಪಾಯಿ ಉಳಿಸಲು ಹೋಗಿ ವೈದ್ಯರಿಗೆ ನೂರಾರು ಕೊಡಬೇಕಾಗುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಏನೂ ಹಾಕದೆ ಗಾಳಿಗೆ ಬಿಡಿ. ಪೌಡರ್ ಹಾಕಬೇಡಿ, ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ. ಕೆಂಪಗಾದಾಗ ಜಿಂಕ್ ಆಕ್ಸೈಡ್ ಇರುವ ಮುಲಾಮು ಸಾಮಾನ್ಯವಾಗಿ ಸಾಕು. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಕೀವು ಕಂಡರೆ, ಸಂದಿಗಳಲ್ಲಿ ಕೆಂಪು ಚುಕ್ಕಿ ಹರಡಿದರೆ ವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯವನು ಕೇಳಿದ ಕೂಡಲೇ ಕೊಡುವ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಅವು ಎಳೆಯ ಚರ್ಮಕ್ಕೆ ಹಾನಿಕರ.

ಡೈಪರ್ ಹಾಕಿದರೆ ಕಾಲು ಸೊಟ್ಟಗಾಗುತ್ತದೆ ಎಂದು ಹಿರಿಯರು ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ಬದಲಿಗೆ ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದೇ ಸೊಂಟದ ಕೀಲಿಗೆ ಒಳ್ಳೆಯದಲ್ಲ.

ವೈಪ್ಸ್ ಬೇಕೇ?

ಮನೆಯಲ್ಲಿ ಬೇಡ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆಯ ಚೌಕಗಳು ಸಾಕು. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೇ ಒರೆಸಬೇಕು, ಮಲದ ಸೋಂಕು ಮೂತ್ರದ್ವಾರಕ್ಕೆ ತಲುಪಬಾರದು. ಕಾಡುಗೋಡಿಯಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್ ಕಡೆಯ ಆಸ್ಪತ್ರೆಗೆ ಹೋಗುವಾಗ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ, ಅಂಥ ಹೊತ್ತಿನಲ್ಲಿ ವೈಪ್ಸ್ ಕೈಯಲ್ಲಿದ್ದರೆ ಉಪಕಾರ. ಆಗ ಸುವಾಸನೆ ಇಲ್ಲದ, ಆಲ್ಕೋಹಾಲ್ ಇಲ್ಲದ್ದನ್ನು ಆರಿಸಿ. 99 ಶೇಕಡಾ ನೀರು ಎಂದು ಬರೆದಿದ್ದರೂ ಉಳಿದ ಒಂದು ಶೇಕಡಾದಲ್ಲಿ ಏನಿದೆ ಎಂದು ಹಿಂಬದಿಯಲ್ಲಿ ಓದಿ. ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಉದ್ದ ಹೆಸರು ಕಂಡರೆ ಬಿಟ್ಟುಬಿಡಿ. ಕೆಡದಂತೆ ಹಾಕುವ ಈ ವಸ್ತುವಿನಿಂದ ಚರ್ಮಕ್ಕೆ ಅಲರ್ಜಿಯಾಗುತ್ತದೆಂದು ಅಮೆರಿಕದ ಚರ್ಮತಜ್ಞರ ಸಂಘವೊಂದು ಇದನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಇಲ್ಲೂ ಹಾಳೆಯೊಂದರ ಬೆಲೆ ಲೆಕ್ಕ ಹಾಕಿ, ಮುಚ್ಚಳವಿರುವುದನ್ನೇ ಕೊಳ್ಳಿ. ಮುಚ್ಚಳವಿಲ್ಲದ ಪೊಟ್ಟಣ ತೆರೆದರೆ ಅರ್ಧ ಮುಗಿಯುವ ಮೊದಲೇ ಒಣಗುತ್ತದೆ.

ಮಗುವಿನ ಮಟ್ಟಿಗೆ ವೈಪ್ಸಿನಿಂದ ಒರೆಸಿದರೆ ಸಾಕು, ಅದಕ್ಕೆ ನಮಾಝ್ ಕಡ್ಡಾಯವಿಲ್ಲ. ಪ್ರಶ್ನೆ ಇರುವುದು ತಾಯಿಯ ಬಟ್ಟೆಯದು. ಇನ್ನೂ ಆಹಾರ ತಿನ್ನದ ಗಂಡುಮಗುವೊಂದನ್ನು ಉಮ್ಮು ಕೈಸ್(ರ) ಪ್ರವಾದಿಯವರ(ಸ) ಬಳಿಗೆ ತಂದಾಗ ಅದು ಅವರ ಬಟ್ಟೆಯ ಮೇಲೆ ಮೂತ್ರ ಮಾಡಿತು. ಅವರು ನೀರು ತರಿಸಿ ಚಿಮುಕಿಸಿದರು ಎಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಶಾಫಿ ಮಝ್‌ಹಬ್‌ನಲ್ಲಿ ಎರಡು ವರ್ಷದೊಳಗಿನ, ಹಾಲು ಮಾತ್ರ ಕುಡಿಯುವ ಗಂಡುಮಗುವಿನ ಮೂತ್ರ ತಾಗಿದ ಜಾಗಕ್ಕೆ ಹೀಗೆ ನೀರು ಚಿಮುಕಿಸಿದರೆ ಸಾಕು, ಹೆಣ್ಣುಮಗುವಿನದಾದರೆ ತೊಳೆಯಬೇಕು. ಹನಫಿಗಳಲ್ಲಿ ಎರಡನ್ನೂ ತೊಳೆಯಬೇಕು. ಬಟ್ಟೆ ಶುದ್ಧವಿಲ್ಲವೆಂದು ನಮಾಝನ್ನೇ ಮುಂದೂಡುತ್ತಾ ಹೋಗುವ ತಾಯಂದಿರಿದ್ದಾರೆ. ನಮಾಝಿಗೆಂದೇ ಒಂದು ಜೊತೆ ಬಟ್ಟೆ ಬೇರೆ ತೆಗೆದಿಡಿ. ನಮಾಝ್ ಮಾಡುವಾಗ ಒದ್ದೆ ಡೈಪರಿನ ಮಗುವನ್ನು ಎತ್ತಿಕೊಳ್ಳುವ ಸಂದರ್ಭ ಬರುವಂತಿದ್ದರೆ ಮೊದಲೇ ಬದಲಿಸಿಬಿಡಿ. ಡೈಪರ್ ಬದಲಿಸಿದ್ದಕ್ಕೆ ವುಝೂ ಮುರಿಯುತ್ತದೆಯೇ ಎಂದೂ ಕೇಳುತ್ತಾರೆ. ನಜಸ್ ತಾಗಿದರೆ ಕೈ ತೊಳೆದರೆ ಸಾಕು, ವುಝೂ ಮುರಿಯುವುದಿಲ್ಲ. ಶಾಫಿಗಳು ಮಾತ್ರ ಮಗುವಿನ ಗುಪ್ತಾಂಗಕ್ಕೆ ಬರಿ ಅಂಗೈ ತಾಗಿದರೆ ವುಝೂ ಹೊಸದಾಗಿ ಮಾಡಬೇಕು.

ಬಳಸಿದ ಮೇಲೆ?

ಕಾಡುಗೋಡಿಯಿಂದ ಹೆಚ್ಚು ದೂರವಿಲ್ಲದ ಮಂಡೂರಿನಲ್ಲಿ ಬೆಂಗಳೂರಿನ ಕಸ ವರ್ಷಗಟ್ಟಲೆ ಗುಡ್ಡವಾಗಿ ಬಿದ್ದಿತ್ತು. ದುರ್ನಾತ, ನೊಣ, ಕೆಟ್ಟ ನೀರು ತಾಳಲಾರದೆ ಹಳ್ಳಿಯವರು ಬೀದಿಗಿಳಿದರು. ಕೊನೆಗೆ 2014ರ ಕೊನೆಯಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆ ಗುಡ್ಡದಲ್ಲಿ ನಮ್ಮ ಮಕ್ಕಳ ಡೈಪರುಗಳೂ ಇದ್ದವು. ಪ್ಲಾಸ್ಟಿಕ್ಕಿನ ಹೊದಿಕೆ ಇರುವುದರಿಂದ ಅವು ಮಣ್ಣಾಗುವುದಿಲ್ಲ, ಸುಟ್ಟರೆ ವಿಷದ ಹೊಗೆ. 2016ರ ಘನತ್ಯಾಜ್ಯ ನಿಯಮಗಳು ಡೈಪರನ್ನು ಸುತ್ತಿ ಪ್ರತ್ಯೇಕವಾಗಿ ಕೊಡಬೇಕೆಂದು ಹೇಳಿದವು. ಹಸಿ ಕಸದಲ್ಲಿ ಹಾಕಿದರೆ ಅದನ್ನು ಬರಿಗೈಯಲ್ಲಿ ಆರಿಸಬೇಕಾದವಳು ಕಸ ಎತ್ತುವ ಹೆಂಗಸು, ಆಕೆಯೂ ಒಬ್ಬಳು ತಾಯಿ.

ಡೈಪರಿನಲ್ಲಿನ ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ. ಡೈಪರನ್ನಾಗಲೀ ವೈಪ್ಸನ್ನಾಗಲೀ ಅಲ್ಲಿ ಹಾಕಬೇಡಿ, ಹತ್ತು ಮನೆಗೆ ಒಂದೇ ಪೈಪ್ ಇರುವ ಕಟ್ಟಡಗಳಲ್ಲಿ ಅದು ಕಟ್ಟಿಕೊಂಡರೆ ಎಲ್ಲರ ಮನೆಗೂ ತೊಂದರೆ. ಒಳಭಾಗ ಒಳಗೇ ಉಳಿಯುವಂತೆ ಬಿಗಿಯಾಗಿ ಸುರುಳಿ ಸುತ್ತಿ, ಅದರದೇ ಟೇಪು ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಅಡ್ಡಗುರುತು ಹಾಕಿ. ಅಲ್ಲಾಹನ ಹೆಸರೋ ಕುರ್‌ಆನ್ ವಚನವೋ ಅಚ್ಚಾದ ಪುಟವಲ್ಲವೆಂದು ಮೊದಲೇ ನೋಡಿಕೊಳ್ಳಿ. ಗಾಡಿ ಬಾರದ ದಿನಕ್ಕೆ ಮುಚ್ಚಳವಿರುವ ಚಿಕ್ಕ ಬಕೆಟ್ಟೊಂದನ್ನು ಬಾಗಿಲ ಹೊರಗಿಡಿ. ಖಾಲಿ ಸೈಟಿಗೆ ಎಸೆದರೆ ಬೀದಿನಾಯಿಗಳು ಬೆಳಗಾಗುವುದರೊಳಗೆ ಅದನ್ನು ಹರಿದು ಎಲ್ಲರ ಬಾಗಿಲಿಗೂ ತಂದು ಹಾಕುತ್ತವೆ.