ಗ್ಯಾರೇಜಿನ ಬಿಲ್ಲು: ಸದಸ್ಯರ ಗಮನಕ್ಕೆ

ಕೊಯ್ಲಿನ ಹೊತ್ತಿಗೆ ಜೀಪು ಗ್ಯಾರೇಜಿನಲ್ಲಿದ್ದರೆ, ಕೇಳಿದಷ್ಟು ಕೊಟ್ಟು ಬಿಡಿಸಿಕೊಳ್ಳುವುದೇ ಬೆಳೆಗಾರರ ಪಾಡು. ಹಣ ಸಲ್ಲುವವರೆಗೆ, ತಾನು ದುರಸ್ತಿ ಮಾಡಿದ ವಾಹನವನ್ನು ತಡೆಹಿಡಿಯುವ ಹಕ್ಕನ್ನು 1872ರ ಕರಾರು ಕಾಯಿದೆ ಗ್ಯಾರೇಜಿನವರಿಗೆ ಕೊಟ್ಟಿದೆ. ಆದುದರಿಂದ ಎಚ್ಚರಿಕೆ ಮೊದಲೇ ಬೇಕು.

ಅಂದಾಜು ಪಟ್ಟಿಯನ್ನು ಬರೆಸಿಕೊಳ್ಳಿ. ಕೇಳದೆ ಬೇರೆ ಕೆಲಸಕ್ಕೆ ಕೈಹಾಕಬಾರದೆಂದು ಅದರಲ್ಲೇ ನಮೂದಿಸಿ. ಬದಲಿಸಿದ ಹಳೆಯ ಭಾಗಗಳನ್ನೂ ಹೊಸದರ ಪೊಟ್ಟಣಗಳನ್ನೂ ಕೇಳಿ ಪಡೆಯಿರಿ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿ.ಎಸ್.ಟಿ. ಸೇರಿಸುವಂತಿಲ್ಲ. ಮಜೂರಿಯ ಮೇಲಿನ ತೆರಿಗೆ ಬೇರೆ.

ತಕರಾರು ಉಳಿದರೆ ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು, ಹಣ ಪಾವತಿಸಿ ವಾಹನ ಬಿಡಿಸಿಕೊಳ್ಳಿ. ಅನಂತರ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅಂದಾಜು ಪಟ್ಟಿ, ಬಿಲ್ಲು ಇವೇ ಅಲ್ಲಿ ನಿಮಗೆ ಆಧಾರ.

– ಕಾರ್ಯದರ್ಶಿ