ಅಗಸೆಬಾಗಿಲು ದಾಟದ ತಾಮ್ರ

ತಾಮ್ರ ಕಡಿಮೆಯಿರುವ ನೆಲದಲ್ಲಿ ಮೇದ ಕುರಿಯ ಉಣ್ಣೆ ಸುರುಳಿ ಕಳೆದುಕೊಂಡು ತಂತಿಯಂತಾಗುತ್ತದೆ. ಆಸ್ಟ್ರೇಲಿಯಾದ ಕುರಿ ಸಾಕುವವರಿಗೆ ಇದು ಗೊತ್ತಿದ್ದ ಸಂಗತಿ. ಮೆಲ್ಬರ್ನ್‌ನ ಮಕ್ಕಳ ವೈದ್ಯ ಡೇವಿಡ್ ಡ್ಯಾಂಕ್ಸ್, ಕೆಲವು ಹಸುಳೆಗಳ ಒರಟಾದ ತಿರುಚು ಕೂದಲಿನಲ್ಲಿ ಆ ಉಣ್ಣೆಯನ್ನೇ ಕಂಡರು. ರಕ್ತ ಪರೀಕ್ಷಿಸಿದರೆ ತಾಮ್ರ ತೀರಾ ಕಡಿಮೆ. ನ್ಯೂಯಾರ್ಕ್‌ನಲ್ಲಿ ಜಾನ್ ಮೆಂಕೆಸ್ 1962ರಲ್ಲಿ ವಿವರಿಸಿದ್ದ ಕಾಯಿಲೆಯ ಗುಟ್ಟು ಹೀಗೆ 1972ರಲ್ಲಿ ಬಿಚ್ಚಿಕೊಂಡಿತು.

ಹಾಗೆಂದು ಈ ಮಕ್ಕಳ ಊಟದಲ್ಲಿ ತಾಮ್ರದ ಕೊರತೆಯಿಲ್ಲ. ಕರುಳಿನ ಒಳಪದರದಲ್ಲಿ ಅದು ತುಂಬಿಕೊಂಡಿರುತ್ತದೆ. ದವಸ ಅಗಸೆಬಾಗಿಲಿಗೆ ಬಂದರೂ ಊರೊಳಗೆ ಹಸಿವು. ತಾಮ್ರವನ್ನು ರಕ್ತಕ್ಕೆ ದಾಟಿಸಬೇಕಾದ ಸಾಗಣೆ ಪ್ರೋಟೀನು ಎಟಿಪಿ7ಎ ಕೆಟ್ಟಿರುತ್ತದೆ. ಇದರ ವಂಶವಾಹಿಯನ್ನು ಮೂರು ತಂಡಗಳು 1993ರಲ್ಲಿ ಗುರುತಿಸಿದವು. ಅದು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ.

ಎಟಿಪಿ7ಎ ಜೀವಕೋಶದ ಹದ ಕಾಯುತ್ತದೆ. ತಾಮ್ರವನ್ನು ಕಿಣ್ವಗಳಿಗೆ ಒದಗಿಸುತ್ತದೆ. ಹೆಚ್ಚಾದರೆ ಕೋಶದ ಅಂಚಿಗೆ ಸರಿದು ಹೊರಗೆ ಹಾಕುತ್ತದೆ. ಹೀಗೆ ತಾಮ್ರ ಪಡೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ, ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳನ್ನು ಬೆಸೆಯುತ್ತದೆ. ತಾಮ್ರ ಸಿಗದಿದ್ದರೆ ಎಳೆಗಳಿದ್ದೂ ಬೆಸುಗೆಯಿಲ್ಲ. ಚರ್ಮ ಜೋಲುತ್ತದೆ, ಕೀಲುಗಳು ಸಡಿಲವಾಗುತ್ತವೆ, ರಕ್ತನಾಳಗಳು ಅಂಕುಡೊಂಕಾಗುತ್ತವೆ, ಮೂತ್ರಕೋಶದ ಗೋಡೆ ಚೀಲದಂತೆ ಉಬ್ಬುತ್ತದೆ. ತಾಮ್ರವಿಲ್ಲದೆ ಮಿದುಳೂ ಸೊರಗುತ್ತದೆ. ಆದರೆ ಎಟಿಪಿ7ಎ ಅಲ್ಪಸ್ವಲ್ಪ ದುಡಿಯುವವರಲ್ಲಿ ಮಿದುಳು ಬಹುಮಟ್ಟಿಗೆ ಪಾರಾಗಿ, ಸಂಯೋಜಕ ಅಂಗಾಂಶವೇ ಮುಖ್ಯವಾಗಿ ನರಳುತ್ತದೆ. ತಲೆಬುರುಡೆಯ ಹಿಂದೆ ಕೊಂಬಿನಂತೆ ಮೂಳೆ ಬೆಳೆಯುವ ಈ ರೂಪಕ್ಕೆ ಆಕ್ಸಿಪಿಟಲ್ ಹಾರ್ನ್ ಸಿಂಡ್ರೋಮ್ ಎಂದು ಹೆಸರು.

ಎಟಿಪಿ7ಎಯ ಒಡಹುಟ್ಟಿನಂಥ ಎಟಿಪಿ7ಬಿ ಕೆಟ್ಟರೆ ಎಲ್ಲವೂ ತಿರುವುಮುರುವು. ಹೆಚ್ಚುವರಿ ತಾಮ್ರ ಪಿತ್ತರಸದೊಡನೆ ಹೊರಹೋಗದೆ ಯಕೃತ್ತು, ಮಿದುಳುಗಳಲ್ಲಿ ವಿಷವಾಗಿ ಕೂರುತ್ತದೆ. ಅದು ವಿಲ್ಸನ್ ಕಾಯಿಲೆ. ಸತುವಿಗೂ ಇಂಥ ಸಾಗಣೆ ಪ್ರೋಟೀನುಗಳಿವೆ. ಜಿಪ್13 ಎಂಬ ಪ್ರೋಟೀನಿನ ದೋಷ ಸಂಯೋಜಕ ಅಂಗಾಂಶವನ್ನೇ ಕಾಡುವ ಎಹ್ಲರ್ಸ್-ಡಾನ್ಲೋಸ್ ಕಾಯಿಲೆಯ ಒಂದು ಬಗೆಗೆ ಕಾರಣವೆಂದು 2008ರಲ್ಲಿ ತಿಳಿಯಿತು.

ಮೆಂಕೆಸ್ ಕಾಯಿಲೆಯ ಮಗುವಿಗೆ ತಾಮ್ರದ ತಂಬಿಗೆಯ ನೀರು ಕುಡಿಸಿದರೆ ಆದೀತೇ? ಆಗದು, ಕರುಳು ದಾಟಿಸದ ಲೋಹವನ್ನು ಬಾಯಿಗೆ ಎಷ್ಟು ಹಾಕಿದರೂ ಅಷ್ಟೇ. ಕಾಪರ್ ಹಿಸ್ಟಿಡಿನೇಟನ್ನು ಚರ್ಮದಡಿ ಚುಚ್ಚಿ ಕೊಡಬೇಕು, ಅದೂ ಹುಟ್ಟಿದ ಮೊದಲ ವಾರಗಳಲ್ಲೇ. ಎಲ್ಲರಿಗೂ ಅದು ಫಲಿಸುವುದಿಲ್ಲ. ಸಂಯೋಜಕ ಅಂಗಾಂಶದ ತೊಂದರೆ ಪೂರ್ತಿ ನೀಗುವುದೂ ಇಲ್ಲ. ಆದರೆ ಬೇಗ ಸಿಕ್ಕ ಕೆಲವು ಮಕ್ಕಳ ಬದುಕನ್ನೇ ಅದು ಬದಲಿಸಿದೆ. ಹುಟ್ಟಿದಾಗ ಈ ಕೂಸುಗಳು ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುತ್ತವೆ. ಎರಡು ಮೂರು ತಿಂಗಳಿಗೆ ಫಿಟ್ಸ್ ಶುರುವಾಗುವಷ್ಟರಲ್ಲಿ ಮಿದುಳು ಸೊರಗಿರುತ್ತದೆ. ಆದ್ದರಿಂದ ತಾಯಿಯ ಕಡೆಯಲ್ಲಿ ಹಿಂದೆ ಈ ಕಾಯಿಲೆ ಕಂಡಿದ್ದರೆ, ಬಸಿರಿನಲ್ಲೇ ವಂಶವಾಹಿ ಪರೀಕ್ಷೆಯ ಮಾತೆತ್ತಬೇಕು. ಕೂದಲು ತಂತಿಯಾಗುವವರೆಗೆ ಕಾಯುವಷ್ಟು ಬಿಡುವು ಈ ಕೂಸಿಗಿಲ್ಲ.